ಮೂರು ಗಂಟೆಗೆ ಯಾವ ಅರಮನೆ

ಅವರನ್ನು ನಾನು ಬಹಳ ಕಾಲ ಅರಮನೆಯ ಕಡೆಯವರೆಂದೇ ತಿಳಿದಿದ್ದೆ. ರೈಲು ನಿಲ್ದಾಣದ ಲಗೇಜು ಕೋಣೆಯ ಕಿಂಡಿಯ ಹಿಂದೆ, ಎತ್ತರದ ಸ್ಟೂಲಿನ ಮೇಲೆ ಕೂತು, ನಮ್ಮ ಚೀಲದ ಹಿಡಿಗೆ ತಂತಿಯಲ್ಲಿ ಸಂಖ್ಯೆಯ ಬಿಲ್ಲೆ ಕಟ್ಟುತ್ತಾ, "ರಾಣಿಯವರ ಕೋಣೆಗೆ ನಾಲ್ಕು ಗಂಟೆಗೆ ಬಿಸಿಲು ಬರುತ್ತೆ, ಆಗ ಹೋಗಿ. ಬಣ್ಣದ ಗಾಜಿನ ನೆರಳು ನೆಲದ ಮೇಲೆ ಬಿದ್ದಿರುತ್ತೆ" ಎನ್ನುವ ಮನುಷ್ಯನನ್ನು ಇನ್ನೇನೆಂದು ತಿಳಿಯುವುದು? ಇವರ ತಾತ ಮಹಾರಾಜರಿಗೆ ಛತ್ರಿ ಹಿಡಿದಿರಬೇಕು, ಕಾಲ ಕೆಟ್ಟು ಮೊಮ್ಮಗ ಕಂಡವರ ಚೀಲ ಹಿಡಿಯುವ ಹಾಗಾಗಿದೆ ಎಂದು ನನ್ನಷ್ಟಕ್ಕೆ ನಾನೇ ಒಂದು ವಂಶಾವಳಿ ಕಟ್ಟಿಕೊಂಡಿದ್ದೆ. ಅದನ್ನು ಒಂದೆರಡು ಸಭೆಗಳಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದುಂಟು.

ಅವರ ತಾತ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದರು. ಅಪ್ಪನೂ ಅದನ್ನೇ ಮಾಡಿದರು. ಇವರಂತೂ ಲಗೇಜು ಕೋಣೆಯ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಗಿದ್ದರೂ ಊರಿನ ಎರಡು ಅರಮನೆಗಳಲ್ಲಿ ಒಂದರೊಳಕ್ಕೂ ಕಾಲಿಟ್ಟಿರಲಿಲ್ಲ.

ಆ ಊರಿನಲ್ಲಿ ಜನ ಒಂದು ರೈಲು ಇಳಿದು ಇನ್ನೊಂದು ಹತ್ತುವ ನಡುವೆ ಮೂರು ನಾಲ್ಕು ಗಂಟೆ ಉಳಿಯುತ್ತದೆ. ಕೈಯಲ್ಲಿ ಚೀಲ, ಬೆನ್ನ ಹಿಂದೆ ಸಂಸಾರ, ಊರಲ್ಲಿ ಎರಡು ಅರಮನೆ. ಒಂದು ಪೇಟೆಯ ನಡುವಿನ ದೊಡ್ಡದು, ಇನ್ನೊಂದು ಗುಡ್ಡದ ಮೇಲಿನದು. ಎರಡನ್ನೂ ನೋಡಲು ಹೊತ್ತು ಸಾಲದು. ಚೀಲ ಒಪ್ಪಿಸಿದವರೆಲ್ಲ ಕಿಂಡಿಯೊಳಗೆ ತಲೆ ತೂರಿಸಿ ಕೇಳುವುದು ಒಂದೇ ಪ್ರಶ್ನೆ: ಯಾವುದಕ್ಕೆ ಹೋಗೋಣ?

ಇವರು ತಕ್ಷಣ ಹೇಳಿಬಿಡುವವರಲ್ಲ. ಮೊದಲು ವಿಚಾರಣೆ. ಎಷ್ಟು ಹೊತ್ತಿದೆ, ಎಷ್ಟು ಜನ, ಯಾರಿಗಾದರೂ ಮಂಡಿ ನೋವಿದೆಯೇ. ಉತ್ತರ ಕೇಳಿಕೊಂಡು, ಕಡತ ಅಲ್ಲೆಲ್ಲೋ ತೂಗುಹಾಕಿದೆ ಎಂಬಂತೆ ಸೂರನ್ನು ನೋಡುವರು. ಆಮೇಲೆ ತೀರ್ಪು. ಮಂಡಿ ಗಟ್ಟಿ ಇದ್ದವರು ಗುಡ್ಡಕ್ಕೆ, ಅಲ್ಲಿ ಅರವತ್ತೆರಡು ಮೆಟ್ಟಿಲು. ಮಂಡಿ ನೋವಿನವರು ದೊಡ್ಡದಕ್ಕೆ: ಸಮ ನೆಲ, ಒಂದೇ ಒಂದು ಮೆಟ್ಟಿಲಿಲ್ಲ, ಸಾಲಾಗಿ ಒಂಬತ್ತು ಕೋಣೆ, ಕೊನೆಯದರಲ್ಲಿ ಸಿಂಹಾಸನ. ಈ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ನಿಲ್ದಾಣದ ಹಮಾಲರು ಅವರಿಗೆ 'ದಿವಾನರು' ಎಂದು ಹೆಸರಿಟ್ಟಿದ್ದರು. ಗೇಲಿಗೆ ಇಟ್ಟ ಹೆಸರು. ಅವರು ಅದನ್ನು ಬಿರುದೆಂದು ಸ್ವೀಕರಿಸಿದ್ದರು.

ಹೋಗದ ಅರಮನೆಯ ಸುದ್ದಿ ಎಲ್ಲಿಂದ ಬಂತು? ಹೋಗಿ ಬಂದವರಿಂದ. ಚೀಲ ಬಿಡಿಸಿಕೊಳ್ಳಲು ಬಂದವರ ಬಿಲ್ಲೆ ತೆಗೆಯುವಾಗ ತಂತಿ ಬಿಗಿದುಕೊಂಡಿದೆ ಎಂದು ಇವರು ಸುಳ್ಳೇ ತಿಣುಕುವರು. ತಿಣುಕುತ್ತಾ ತಿಣುಕುತ್ತಾ, "ಹೇಗಿತ್ತು?" ಆ ಎರಡು ನಿಮಿಷದಲ್ಲಿ ಜನ ಕಂಡದ್ದನ್ನೆಲ್ಲ ಒಪ್ಪಿಸಿಬಿಡುತ್ತಿದ್ದರು. ಊಟದ ಮನೆಯಲ್ಲಿ ಎಂಬತ್ತು ಕುರ್ಚಿ. ರಾಜನ ಮಂಚ ಎಷ್ಟು ಗಿಡ್ಡವೆಂದರೆ ಪುಣ್ಯಾತ್ಮ ಕಾಲು ಮಡಚಿಯೇ ಮಲಗಿರಬೇಕು. ನಾಲ್ಕನೇ ಕೋಣೆಯ ನಿಲುವುಗನ್ನಡಿ ಸರಿಯಿಲ್ಲ, ನಿಂತವರೆಲ್ಲ ದಪ್ಪ ಕಾಣುತ್ತಾರೆ. ಈ ಕೊನೆಯ ದೂರು ಹೆಂಗಸರೂ ಗಂಡಸರೂ ಸಮನಾಗಿ ಹೇಳುತ್ತಿದ್ದದ್ದು.

ದೊಡ್ಡ ಅರಮನೆಯಿಂದ ಬಂದವರು ತಪ್ಪದೆ ಇನ್ನೊಂದು ಮಾತು ಹೇಳುತ್ತಿದ್ದರು. "ಕಾಲು ಬಿದ್ದುಹೋಯ್ತು ಸ್ವಾಮಿ." ಹೇಳಿ, ಬಿಡಿಸಿಕೊಂಡ ಟ್ರಂಕಿನ ಮೇಲೇ ಧೊಪ್ಪನೆ ಕೂರುತ್ತಿದ್ದರು. ಇವರಿಗೆ ಎದೆ ಉಬ್ಬುತ್ತಿತ್ತು. "ಮತ್ತೆ? ಅರಮನೆ ಅಂದ್ರೆ ಏನಂದ್ಕೊಂಡ್ರಿ?" ಎನ್ನುವರು, ತಾವೇ ಕಟ್ಟಿಸಿದ ಹಾಗೆ. ಗುಡ್ಡದಿಂದ ಬಂದವರು ಮಾತ್ರ ಬರೀ ಗಾಳಿಯ ಸುದ್ದಿ ತರುತ್ತಿದ್ದರು. ಏನು ಗಾಳಿ, ಎಂಥ ಗಾಳಿ, ಎದ್ದು ಬರೋಕೇ ಮನಸ್ಸಾಗಲಿಲ್ಲ. ಹೋದವರು ಗಾಳಿಯನ್ನಷ್ಟೇ ಹೊತ್ತು ತರುವ ಅರಮನೆಯಲ್ಲಿ ಹೆಚ್ಚಿನ ಹುರುಳಿಲ್ಲವೆಂದು ದಿವಾನರು ಅದಕ್ಕೆ ಎರಡನೇ ಸ್ಥಾನ ಕೊಟ್ಟಿದ್ದರು.

ಸಂಗ್ರಹಿಸಿದ್ದೆಲ್ಲ ಸಂಜೆ ಮನೆಗೆ ಹೋಗುತ್ತಿತ್ತು. ಮನೆಯೆಂದರೆ ಹಳಿಗಳಾಚೆಯ ಎರಡು ಕೋಣೆ, ಮೇಲೆ ಬಟ್ಟೆ ಒಣಗಿಸುವ ಮಾಳಿಗೆ, ಅಲ್ಲಿ ಅವರು ಮತ್ತು ಅವರ ಹೆಂಡತಿ ಇಬ್ಬರೇ. ಆಕೆ ಅಂಗಿ ಅಂಗಡಿಯೊಂದಕ್ಕೆ ಕಾಜಾ ಹೊಲಿದು ಗುಂಡಿ ಹಚ್ಚಿಕೊಡುತ್ತಿದ್ದರು. ಬೆರಳು ಸೂಜಿಯ ಮೇಲೆ, ಕಿವಿ ಗಂಡನ ಮೇಲೆ. ಒಂಬತ್ತೂ ಕೋಣೆ ಆಕೆಗೆ ತಮ್ಮ ದಾರದ ಡಬ್ಬಿಯಷ್ಟೇ ಪರಿಚಯವಾಗಿದ್ದವು. ಗಂಡ ಎಡವಿದರೆ ಬಿಡುತ್ತಿರಲಿಲ್ಲ. "ಹೋದ ವರ್ಷ ಕನ್ನಡಿ ಮೂರನೇ ಕೋಣೇಲಿ ಅಂದಿದ್ರಿ, ಈಗ ನಾಲ್ಕನೇದು ಅಂತೀರಿ. ರಾಜರು ಸಾಮಾನು ಸಾಗಿಸಿದ್ರಾ?"

ಒಂದು ಸಲ ಹೋಗಿ ನೋಡಬೇಕು ಎಂಬುದು ಮದುವೆಯಾದ ವರ್ಷದಿಂದ ಇದ್ದ ಮಾತು. ಆದರೆ ದಿವಾನರ ವಾರದ ರಜ ಸೋಮವಾರ. ಎರಡೂ ಅರಮನೆಗಳು ಬಾಗಿಲು ಹಾಕುವುದೂ ಸೋಮವಾರವೇ. ಬೇರೆ ದಿನ ರಜ ಹಾಕಬಹುದಿತ್ತು, ಪಾರ್ಸಲ್ ಆಫೀಸಿನ ಗುಮಾಸ್ತ ಒಂದು ದಿನ ಕಿಂಡಿ ನೋಡಿಕೊಳ್ಳುತ್ತೇನೆಂದು ಎಷ್ಟೋ ಸಲ ಹೇಳಿದ್ದ. ಇವರು ಒಪ್ಪಲಿಲ್ಲ. ಬಿಲ್ಲೆಯ ಸಂಖ್ಯೆ ನೋಡಿ ಚೀಲ ಕೊಡುವವನು ಬರೀ ಗುಮಾಸ್ತ. ತಾವು ಚೀಲದ ಮುಖ ನೋಡಿ ಕೊಡುವವರು. ತಾವೊಂದು ದಿನ ಇಲ್ಲದಿದ್ದರೆ ಒಬ್ಬರ ಚೀಲ ಇನ್ನೊಬ್ಬರ ಊರಿಗೆ ಹೋಗಿ, ರೈಲ್ವೆಯ ಮಾನ ಹರಾಜಾಗುತ್ತದೆ ಎಂದು ಮನಸಾರೆ ನಂಬಿದ್ದರು. ಕಪ್ಪು ಚರ್ಮದ ಚೀಲಗಳೆಲ್ಲ ತಮ್ಮ ಮೇಲೇ ನಿಂತಿವೆ ಎಂದು ನಂಬಿದವನಿಗೆ ರಜ ಸಿಗುವುದು ಕಷ್ಟ. "ನಿವೃತ್ತಿ ಆದ್ಮೇಲೆ ಎರಡನ್ನೂ ತೋರಿಸ್ತೀನಿ, ಒಂದೊಂದು ದಿನ ಒಂದೊಂದು" ಎನ್ನುತ್ತಿದ್ದರು. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

ಆ ವರ್ಷ ಆಕೆ ಒಗೆದ ಬಟ್ಟೆ ಹಿಡಿದು ಮಾಳಿಗೆಗೆ ಹೋಗುವಾಗ ಅರ್ಧಕ್ಕೇ ಕೂರತೊಡಗಿದರು. ಮೊದಲು ಬಕೆಟ್ಟು ಭಾರ ಎಂದರು. ಆಮೇಲೆ ಬಕೆಟ್ಟಿಲ್ಲದೆಯೂ ಕೂತರು. ಆಸ್ಪತ್ರೆಯ ಡಾಕ್ಟರು ಕಾಗದದ ಮೇಲೆ ಎದೆಯ ಚಿತ್ರ ಬರೆದು, ಇಲ್ಲೊಂದು ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಎಂದು ತೋರಿಸಿ, ಗಂಡನನ್ನು ಮಾತ್ರ ಹೊರಗೆ ಕರೆದರು. ಆಪರೇಷನ್ನು ತಡೆದುಕೊಳ್ಳುವ ಶಕ್ತಿ ಆ ದೇಹಕ್ಕೆ ಉಳಿದಿಲ್ಲ, ಇನ್ನು ತಿಂಗಳುಗಳ ಮಾತು, ಮೆಟ್ಟಿಲು ಬೇಡ, ಆಕೆಗೆ ಏನಾದರೂ ಆಸೆಯಿದ್ದರೆ ಈಗಲೇ ತೀರಿಸಿ ಎಂದರು.

"ಏನಂದ್ರು?" ಎಂದು ಆಕೆ ದಾರಿಯಲ್ಲಿ ಕೇಳಿದರು.

"ರೆಸ್ಟ್ ತಗೋಬೇಕಂತೆ."

"ಅಷ್ಟು ಹೇಳೋಕೆ ನಿಮ್ಮನ್ನ ಹೊರಗೆ ಕರ್ಕೊಂಡು ಹೋದ್ರಾ?"

ಇವರು ಬಸ್ಸು ಬಂತೇನೋ ಎಂದು ನೋಡಿದರು. ಬಸ್ಸು ಬಂದಿರಲಿಲ್ಲ.

ಮುಂದಿನ ಮಂಗಳವಾರ ಹನ್ನೊಂದರ ರೈಲಿನ ಜನ ಕಿಂಡಿಯ ಮುಂದೆ ಸಾಲುಗಟ್ಟಿದ್ದರು. ದಿವಾನರು ತಲೆ ತಗ್ಗಿಸಿ ತಂತಿ ಸುತ್ತುತ್ತಿದ್ದರು. ಅವರ ಮುಂದೆ ಒಂದು ಹಳೆಯ ಚೀಲ ಬಂದು ಕೂತಿತು. ಚೀಲದ ಮುಖ ನೋಡಿ ಕೊಡುವ ಮನುಷ್ಯ. ಈ ಮುಖ ತಮ್ಮ ಮನೆಯ ಕಪಾಟಿನ ಮೇಲಿರುವುದಲ್ಲವೇ ಎಂದು ತಲೆಯೆತ್ತಿದರೆ, ಎದುರಿಗೆ ಹೆಂಡತಿ. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಪ್ರಯಾಣಿಕರ ಹಾಗೆ ಕಿಂಡಿಯೊಳಕ್ಕೆ ಬಗ್ಗಿದ್ದರು.

"ನಮಗೆ ಮೂರು ಗಂಟೆ ಹೊತ್ತಿದೆ" ಎಂದರು. "ಇಬ್ಬರೇ ಇರೋದು. ಯಾವ ಅರಮನೆ ನೋಡ್ಬೋದು ಸ್ವಾಮಿ?"

ಸಾಲಿನಲ್ಲಿದ್ದವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಿಂದಿನವನೊಬ್ಬ ಬೇಗ ಬೇಗ ಎಂದು ಗೊಣಗಿದ. ದಿವಾನರು ಅಭ್ಯಾಸಬಲದಿಂದ ಸೂರನ್ನು ನೋಡಿದರು. ಅಲ್ಲಿ ಏನೂ ಇರಲಿಲ್ಲ. ಸಾವಿರಾರು ಸಂಸಾರಗಳಿಗೆ ದಾರಿ ತೋರಿಸಿದ್ದರು, ಈ ಸಂಸಾರಕ್ಕೆ ಇನ್ನೂ ತೋರಿಸಿರಲಿಲ್ಲ. ತಪ್ಪು ಹೇಳಿದರೆ ಮತ್ತೊಂದು ಸಲ ಎಂಬುದಿಲ್ಲ. ಒಂದೇ ಅರಮನೆ, ಅದೂ ಇವತ್ತೇ.

"ಮಂಡಿ ನೋವು ಇದೆಯಾ ಅಂತ ಕೇಳಲ್ವಾ?" ಎಂದರು ಆಕೆ.

"ಮಂಡಿ ನೋವು ಇದೆಯಾ?"

"ಮಂಡಿ ಗಟ್ಟಿಯಾಗಿದೆ. ಮೆಟ್ಟಿಲು ಮಾತ್ರ ಆಗಲ್ಲ."

"ಹಾಗಾದ್ರೆ ದೊಡ್ಡದು" ಎಂದರು ಇವರು. ಹೇಳಿದ ಮೇಲೆ ಮನಸ್ಸು ಹಗುರಾಯಿತು. ಇಪ್ಪತ್ತಾರು ವರ್ಷದ ಅನುಭವ ಹೇಳಿದ್ದೂ ಅದೇ, ಆಕೆಗೆ ಮೊದಲಿನಿಂದ ಇದ್ದ ಆಸೆಯೂ ಅದೇ. ಸಮ ನೆಲ, ಒಂಬತ್ತು ಕೋಣೆ, ಸಿಂಹಾಸನ. ಪಾರ್ಸಲ್ ಗುಮಾಸ್ತನನ್ನು ಕೂಗಿ ಸ್ಟೂಲಿನ ಮೇಲೆ ಕೂರಿಸಿದರು. ಹೆಂಡತಿಯ ಚೀಲಕ್ಕೆ ತಾವೇ ಬಿಲ್ಲೆ ಕಟ್ಟಿದರು, ನೂರಾ ನಲವತ್ತು. ಚೀಲದಲ್ಲಿ ಏನಿತ್ತೆಂದರೆ ಎರಡು ಹಾಸುಬಟ್ಟೆ ಮತ್ತು ಕಾಜಾ ಹೊಲಿಯಬೇಕಿದ್ದ ಆರು ಅಂಗಿ. ಖಾಲಿ ಚೀಲ ತಂದರೆ ಪ್ರಯಾಣಿಕರು ಅನ್ನಿಸುವುದಿಲ್ಲವಲ್ಲ ಎಂದು ತುಂಬಿ ತಂದಿದ್ದರು. ಹೊರುವಾಗ ದಾರಿಯಲ್ಲಿ ಮೂರು ಕಡೆ ನಿಂತಿದ್ದರಂತೆ. ಅದನ್ನು ಆಕೆ ಆಮೇಲೆ ಹೇಳಿದ್ದು.

ಬಸ್ಸು ಅರಮನೆಯ ಬಾಗಿಲಿಗೇ ಹೋಗುತ್ತದೆ. ಒಳಗೆ ನೆಲದ ಮೇಲೆ ಬಾಣದ ಗುರುತು ಬರೆದಿತ್ತು; ಬಾಣ ತೋರಿಸಿದ ಕಡೆಗೇ ನಡೆಯಬೇಕು, ಹಿಂದಕ್ಕೆ ಬರುವ ಹಾಗಿಲ್ಲ. ಮೊದಲ ಕೋಣೆಯಲ್ಲಿ ಗೋಡೆ ತುಂಬ ರಾಜರು. "ಮುಖ ಎಲ್ಲಾ ಒಂದೇ, ಮೀಸೆ ಮಾತ್ರ ಬೇರೆ" ಎಂದು ಆಕೆ ನಕ್ಕರು. ಎರಡನೆಯದರಲ್ಲಿ ಕತ್ತಿ ಗುರಾಣಿಗಳು. ಮೂರನೆಯದು ಊಟದ ಮನೆ. ಎಂಬತ್ತು ಕುರ್ಚಿ. ಮಾತಿನಲ್ಲಿ ಎಷ್ಟೋ ಸಾವಿರ ಸಲ ಲೆಕ್ಕ ಹಾಕಿ ಜನರ ಮುಂದೆ ಇಟ್ಟಿದ್ದ ಎಂಬತ್ತು ಕುರ್ಚಿಗಳನ್ನು ದಿವಾನರು ಮೊದಲ ಬಾರಿಗೆ ಕಂಡರು. ಎಲ್ಲಕ್ಕೂ ಕೆಂಪು ಹಗ್ಗ ಸುತ್ತಿತ್ತು. ಹೆಂಡತಿ ಹಗ್ಗದ ಕಂಬವನ್ನು ಹಿಡಿದುಕೊಂಡು ನಿಂತರು. "ಚೆನ್ನಾಗಿದೆ, ನೋಡ್ತಾ ಇದೀನಿ" ಎಂದರು. ಕಣ್ಣು ಮುಚ್ಚಿದ್ದರು.

ಹಾಗೂ ಹೀಗೂ ನಾಲ್ಕನೆಯದಕ್ಕೆ ಬಂದರು. ಅಲ್ಲಿ ನಿಲುವುಗನ್ನಡಿ. ಆಕೆ ಅದರ ಮುಂದೆ ಹೋಗಿ ನಿಂತು ತುಸು ಹೊತ್ತು ತಮ್ಮನ್ನೇ ನೋಡಿಕೊಂಡರು. ಮನೆಯ ಕನ್ನಡಿ ಅಂಗೈಯಗಲದ್ದು, ಮುಖ ಬಿಟ್ಟರೆ ಬೇರೇನೂ ತೋರಿಸದು.

"ದಪ್ಪ ಕಾಣಿಸುತ್ತೆ ಅಂದಿದ್ರಿ" ಎಂದರು.

ಹೇಳಿ ಮುಗಿಸುವಷ್ಟರಲ್ಲಿ ಆಕೆ ಪಕ್ಕದ ಕಂಬಕ್ಕೆ ಒರಗಿ ಮೆಲ್ಲಗೆ ನೆಲಕ್ಕೆ ಜಾರತೊಡಗಿದ್ದರು. ಎಲ್ಲಿದ್ದನೋ ಕಾವಲುಗಾರ ಬಂದ. ಎತ್ತರದ ಆಳು, ಟೋಪಿ, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ. ಕೂರುವ ಹಾಗಿಲ್ಲ ಎಂದ. ಒಂದೇ ನಿಮಿಷ ಎಂದರು ಇವರು. ಒಬ್ಬರು ಕೂತರೆ ಎಲ್ಲರೂ ಕೂರುತ್ತಾರೆ ಎಂದ ಅವನು. ಆಗ ದಿವಾನರು ಬೇರೆ ದಾರಿಯಿಲ್ಲದೆ ತಮ್ಮ ಪದವಿಯನ್ನು ಹೊರತೆಗೆದರು.

"ನಾನು ಸ್ಟೇಷನ್ನಿನ ಲಗೇಜು ಕೋಣೆಯವನು. ಇಪ್ಪತ್ತಾರು ವರ್ಷದಿಂದ ಇಲ್ಲಿಗೆ ಜನ ಕಳಿಸ್ತಾ ಇದೀನಿ."

ಕಾವಲುಗಾರ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಓ. ಮಂಡಿ ನೋವಿನವರನ್ನೆಲ್ಲ ಹುಡುಕಿ ಹುಡುಕಿ ಇಲ್ಲಿಗೆ ಕಳಿಸೋರು ನೀವೇನಾ? ದಿನಾ ನಾಲ್ಕು ಜನ ವಯಸ್ಸಾದವರು ಇದೇ ಕಂಬಕ್ಕೆ ಒರಗ್ತಾರೆ. ಕೇಳಿದ್ರೆ ಲಗೇಜಿನವರು ಹೇಳಿದ್ರು ಅಂತಾರೆ."

ದಿವಾನರು ಕಂಬವನ್ನು ನೋಡಿದರು. ಆಳೆತ್ತರದಲ್ಲಿ ಬಣ್ಣ ಸವೆದು ಬೆನ್ನಗಲದ ಒಂದು ಕಲೆಯಾಗಿತ್ತು.

"ಒಂದು ಕುರ್ಚಿ ಇದ್ರೆ..." ಎಂದರು.

"ನನಗೇ ಇಲ್ಲ ಸ್ವಾಮಿ" ಎಂದ ಕಾವಲುಗಾರ. "ಹನ್ನೊಂದು ವರ್ಷ ಆಯ್ತು." ಹೇಳಿ, ಆಚೀಚೆ ನೋಡಿ, ಗೋಡೆಯ ಬಣ್ಣದ್ದೇ ಆದ ಒಂದು ಸಣ್ಣ ಬಾಗಿಲು ತೆಗೆದ. ಕೆಲಸದವರು ಓಡಾಡುವ ಬಾಗಿಲು ಅದು. ಆಕೆಯ ಒಂದು ತೋಳನ್ನು ಅವನು, ಇನ್ನೊಂದನ್ನು ಇವರು ಹಿಡಿದು ಹಿತ್ತಿಲಿಗೆ ಇಳಿಸಿದರು.

ಅಲ್ಲಿ ಕಸಬರಿಗೆಗಳನ್ನು ಒರಗಿಸಿದ್ದ ಗೋಡೆಯ ಬುಡದಲ್ಲಿ ಒಂದು ಕಲ್ಲಿನ ಮೆಟ್ಟಿಲಿತ್ತು. ಆಕೆ ಕೂತರು. ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಬಂದ ಮೇಲೆ, "ಚೀಲ ತಂದಿದ್ರೆ ಅದ್ರ ಮೇಲಾದ್ರೂ ಕೂರ್ತಿದ್ದೆ" ಎಂದರು. "ಅದನ್ನೂ ಕಿತ್ತಿಟ್ಕೊಂಡ್ರಿ."

ಇವರು ಕಸಬರಿಗೆಗಳನ್ನು ಆಚೆ ಸರಿಸಿ ಜಾಗ ಮಾಡಿದರು.

"ಇನ್ನೈದು ಕೋಣೆ ಉಳಿದ್ವು" ಎಂದರು ಆಕೆ. "ಹೇಳಿ."

ದಿವಾನರು ಪಕ್ಕದಲ್ಲಿ ಕೂತು ಹೇಳಿದರು. ಐದನೆಯದರಲ್ಲಿ ಗಿಡ್ಡ ಮಂಚ, ಆರನೆಯದರಲ್ಲಿ ಗಡಿಯಾರಗಳು, ಏಳನೆಯದು ರಾಣಿಯದು, ನೆಲದ ಮೇಲೆ ಬಣ್ಣದ ನೆರಳು. ಗೋಡೆಯ ಆಚೆ ಹತ್ತು ಹೆಜ್ಜೆಯಲ್ಲಿ ಇದ್ದುದನ್ನು ಕಂಡವರ ಬಾಯಿಂದ ಕೇಳಿದಂತೆ ಹೇಳಿದರು, ಮನೆಯಲ್ಲಿ ಹೇಳುತ್ತಿದ್ದ ಹಾಗೆಯೇ. ಆಕೆಯ ಬೆರಳು ಸೆರಗಿನ ಅಂಚಿನಲ್ಲಿ ಇಲ್ಲದ ಕಾಜಾ ಹೊಲಿಯುತ್ತಿತ್ತು.

"ಸಿಂಹಾಸನಕ್ಕೆ ಎಷ್ಟು ಮೆಟ್ಟಿಲು?"

"ಮೂರು."

"ಹಾಗಾದ್ರೆ ಬಿಡಿ. ಕರೆದು ಕೂರಿಸಿದ್ರೂ ನನ್ನ ಕೈಲಿ ಆಗ್ತಿರಲಿಲ್ಲ."

ನಿಲ್ದಾಣಕ್ಕೆ ಮರಳಿದಾಗ ಪಾರ್ಸಲ್ ಗುಮಾಸ್ತ ಆಟದಲ್ಲಿ ತಾನೂ ಪಾಲುದಾರನಾಗಲು ತಂತಿ ಬಿಗಿದುಕೊಂಡಿದೆ ಎಂದು ತಿಣುಕಿದ. "ಹೇಗಿತ್ತು ಅತ್ತಿಗೆ?" ಎಂದ. ಆಕೆ ಬಿಡಿಸಿಕೊಂಡ ಚೀಲದ ಮೇಲೆ ಕೂತು, ತಲೆಯೆತ್ತಿ, ಎಲ್ಲ ಪ್ರಯಾಣಿಕರ ಹಾಗೆ ಹೇಳಿದರು: "ಕಾಲು ಬಿದ್ದುಹೋಯ್ತಪ್ಪ."

ಅಷ್ಟು ವರ್ಷ ಕೇಳಿದ ಮಾತು. ದಿವಾನರು ಅವತ್ತು ಕೇಳಿಸಿಕೊಂಡರು.

ಐದು ವಾರ ಕಳೆದು, ಒಂದು ಸೋಮವಾರ ಬೆಳಗ್ಗೆ, ಆಕೆ ಹೋಗಿಬಿಟ್ಟರು. ಗಂಡ ಮನೆಯಲ್ಲೇ ಇದ್ದರು, ರಜದ ದಿನ. ಆರು ಅಂಗಿಗಳಲ್ಲಿ ಐದು ಮುಗಿದಿದ್ದವು. ಆರನೆಯದರ ಸೂಜಿ ಎರಡನೇ ಕಾಜಾದಲ್ಲಿ ನಿಂತಿತ್ತು. ಅಂಗಡಿಯವನು ಅದನ್ನು ಕೇಳಲಿಲ್ಲ, ಇವರೂ ಕೊಡಲಿಲ್ಲ.

ಮತ್ತೆ ಕೆಲಸಕ್ಕೆ ಬಂದ ಮೇಲೆ ಅವರು ಮೊದಲು ಮಾಡಿದ್ದು ಅರಮನೆಯ ಮೇಲಧಿಕಾರಿಗಳಿಗೊಂದು ಅರ್ಜಿ. ಕೋಣೆಗೊಂದು ಬೆಂಚು ಹಾಕಿಸಬೇಕು, ಎಲ್ಲ ಕೋಣೆಗೆ ಆಗದಿದ್ದರೆ ನಾಲ್ಕನೆಯದಕ್ಕಾದರೂ ಹಾಕಿಸಬೇಕು, ಕಾವಲುಗಾರರಿಗೂ ಒಂದು ಕುರ್ಚಿ ಕೊಡಬೇಕು ಎಂದು ನಾಲ್ಕು ಸಲ ತಿದ್ದಿ ಬರೆದಿದ್ದರು. ಎರಡು ತಿಂಗಳಿಗೆ ಉತ್ತರ ಬಂತು. ಹೊಸ ಆಸನಗಳಿಂದ ಅರಮನೆಯ ಪ್ರಾಚೀನ ಸೊಬಗಿಗೆ ಧಕ್ಕೆಯಾಗುವುದರಿಂದ ತಮ್ಮ ಸಲಹೆಯನ್ನು ಪರಿಗಣಿಸಲು ಸಾಧ್ಯವಿಲ್ಲವೆಂದು ವಿಷಾದಪೂರ್ವಕವಾಗಿ ತಿಳಿಸಲಾಗಿತ್ತು. ಸಹಿ ಬಲು ನೀಟಾಗಿತ್ತು. ನಿಂತುಕೊಂಡು ಹಾಕಿದ ಸಹಿ ಅಷ್ಟು ನೀಟಾಗಿ ಬರುವುದಿಲ್ಲ.

ಆಮೇಲೆ ಒಂದು ಮಂಗಳವಾರ, ಯಾರಿಗೂ ಹೇಳದೆ, ಗುಮಾಸ್ತನಿಗೆ ಸ್ಟೂಲು ಬಿಟ್ಟುಕೊಟ್ಟು ಗುಡ್ಡಕ್ಕೆ ಹೋದರು. ಅರವತ್ತೆರಡು ಮೆಟ್ಟಿಲು ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಅವರಿಗೆ ಯಾರೂ ಹೇಳದೆ ಇದ್ದದ್ದು ಬೇರೆ. ಪ್ರತಿ ಹತ್ತು ಮೆಟ್ಟಿಲಿಗೆ, ಒಂದು ಬದಿಯಲ್ಲಿ, ಕೂರಲು ಚಪ್ಪಡಿ ಹಾಕಿತ್ತು. ಅದನ್ನು ಕಟ್ಟಿಸಿದ ರಾಜನ ತಾಯಿಗೋ ಯಾರಿಗೋ ಉಬ್ಬಸವಿದ್ದಿರಬೇಕು. ಮೇಲೆ ಹೋದರೆ ಹನ್ನೊಂದು ಕಿಟಕಿ, ಒಂದೊಂದರ ಕೆಳಗೂ ಗೋಡೆಯಲ್ಲೇ ಕಡೆದ ಕಲ್ಲಿನ ಪೀಠ, ಕೂತು ಕೂತು ನುಣುಪಾದದ್ದು. ಹಗ್ಗವಿಲ್ಲ. ಒಬ್ಬ ಮುದುಕಿ ಒಂದರಲ್ಲಿ ಕಾಲು ಚಾಚಿ ನಿದ್ದೆ ಹೋಗಿದ್ದಳು, ಕಾವಲಿನವನು ಅವಳ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿಟ್ಟಿದ್ದ.

ಗಾಳಿ ಗಾಳಿ ಎಂದು ಇಪ್ಪತ್ತಾರು ವರ್ಷ ಹೇಳಿದವರೆಲ್ಲ ಕೂತು ಬಂದವರು. ಕೂತೆವು ಎಂದು ಯಾರು ಹೇಳುತ್ತಾರೆ? ಕೂತದ್ದು ಯಾರಿಗೆ ನೆನಪಿರುತ್ತದೆ?

ದಿವಾನರು ಹನ್ನೊಂದು ಕಿಟಕಿಗಳಲ್ಲೂ ಒಂದೊಂದು ಸಲ ಕೂತರು. ಆಕೆಯನ್ನು ಹತ್ತು ಮೆಟ್ಟಿಲಿಗೊಮ್ಮೆ ಕೂರಿಸಿಕೊಂಡು, ಬೆಳಗ್ಗೆ ಹೊರಟು ಮಧ್ಯಾಹ್ನಕ್ಕೆ ತಲುಪಿದ್ದರೂ ಆಗುತ್ತಿತ್ತು. ಕೊನೆಯ ಕಿಟಕಿಯಿಂದ ನಿಲ್ದಾಣದ ತಗಡಿನ ಸೂರು, ಹಳಿಗಳು, ಹಳಿಗಳಾಚೆಯ ಮನೆಗಳ ಮಾಳಿಗೆಗಳು ಕಾಣುತ್ತಿದ್ದವು. ತಮ್ಮ ಮಾಳಿಗೆ ಯಾವುದೆಂದು ಹುಡುಕಿದರು. ಬಟ್ಟೆ ಒಣಗುತ್ತಿರದ ಒಂದನ್ನು ನೋಡಿ, ಅದೇ ಇರಬೇಕು ಅಂದುಕೊಂಡರು.

ಅಂದಿನಿಂದ ವಿಚಾರಣೆ ನಿಂತುಹೋಯಿತು. ಯಾವುದಕ್ಕೆ ಹೋಗೋಣ ಎಂದರೆ, ಹೊರಗೆ ಬೋರ್ಡಿದೆ ಓದಿಕೊಳ್ಳಿ ಎನ್ನುವರು. ತಂತಿ ಬಿಗಿದುಕೊಳ್ಳುವುದೂ ನಿಂತಿತು. ಬಿಲ್ಲೆ ಕೊಟ್ಟ ಕ್ಷಣದಲ್ಲೇ ಚೀಲ ಕೈಗೆ ಬರುತ್ತದೆ. ಹಮಾಲರು ದಿವಾನರೇ ಎನ್ನುವುದನ್ನು ತಾವಾಗಿಯೇ ಬಿಟ್ಟು ಈಗ ಅಣ್ಣಾ ಎನ್ನುತ್ತಾರೆ. ಕಿಂಡಿಯ ಹೊರಗೆ ಗೋಡೆಯುದ್ದಕ್ಕೂ ಒಂದು ಬೆಂಚು ಬಂದಿದೆ, ಅವರ ಮನೆಯಲ್ಲಿದ್ದದ್ದು. ಆಕೆ ಅದರ ಮೇಲೆ ಕೂತೇ ಕಾಜಾ ಹೊಲಿಯುತ್ತಿದ್ದದ್ದು ಎಂದು ಪಾರ್ಸಲ್ ಗುಮಾಸ್ತ ನನಗೆ ಹೇಳಿದ. ಮೇಲಿನ ಕಥೆಯ ಮುಕ್ಕಾಲು ಪಾಲು ಹೇಳಿದವನೂ ಅವನೇ, ಉಳಿದದ್ದನ್ನು ಅವರು ಅಷ್ಟಿಷ್ಟು ಹೇಳಿದರು. ಆದರೆ ಇದೆಲ್ಲ ನನಗೆ ತಿಳಿದದ್ದು ನಾನು ಮೂರ್ಖತನ ಮಾಡಿ ಮುಗಿಸಿದ ಮೇಲೆ.

ಅವತ್ತು ನನಗೆ ಎರಡು ರೈಲುಗಳ ನಡುವೆ ಮೂರು ಗಂಟೆಯಿತ್ತು. ಬಹಳ ದಿನದ ಮೇಲೆ ಬಂದವನು, ಅರಮನೆಯ ವಂಶಸ್ಥರನ್ನು ಮಾತಾಡಿಸುವ ಉಮೇದಿನಲ್ಲಿ ಚೀಲವನ್ನು ಕಿಂಡಿಯೊಳಗೆ ತಳ್ಳಿ, ಸಭೆಯ ದನಿ ತೆಗೆದು ಕೇಳಿದೆ: "ನೀವು ತಿಳಿದವರು. ಇತಿಹಾಸ, ವಾಸ್ತುಶಿಲ್ಪ, ಕಲೆ, ಎಲ್ಲ ದೃಷ್ಟಿಯಿಂದಲೂ ನೋಡಿದರೆ ಎರಡು ಅರಮನೆಗಳಲ್ಲಿ ಯಾವುದು ಶ್ರೇಷ್ಠ ಅಂತೀರಿ?"

ಅವರು ಸೂರನ್ನು ನೋಡಲಿಲ್ಲ. ತಂತಿಯನ್ನು ಎರಡು ಸುತ್ತು ಸುತ್ತಿ, ತುದಿ ಮಡಚಿ, ಅದರ ಜೋಡಿ ಬಿಲ್ಲೆಯನ್ನು ನನ್ನ ಕೈಗಿಟ್ಟರು.

"ಕೂರೋಕೆ ಬಿಡೋದು."